ಇ ಬ್ಲೂಸ್‌ಗೆ ನಾಲ್ಕು ಟರ್ನ್‌ಅರೌಂಡ್: ಮೊದಲು ಕಲಿಯಬೇಕಾದ್ದು ಯಾವುದು?

12 ಬಾರ್ (ಬಾರ್ ಎಂದರೆ ನಾಲ್ಕು ಬೀಟ್‌ನ ಅಳತೆ) ಬ್ಲೂಸ್‌ನ ಕೊನೆಯ ಎರಡು ಬಾರ್‌ಗಳಲ್ಲಿ ಹಾಡನ್ನು ಮತ್ತೆ ಮೊದಲಿಗೆ ತಿರುಗಿಸುವ ಓಟವೇ ಟರ್ನ್‌ಅರೌಂಡ್. ಕಲಿಯುವವರಿಗೆ ಹೆಚ್ಚಾಗಿ ಎದುರಾಗುವ ನಾಲ್ಕು ಬಗೆಗಳನ್ನು ಗಿಟಾರ್‌ನಲ್ಲಿ, ಇ (E) ಶ್ರುತಿಯಲ್ಲಿ, ಒಂದೇ ಲೆಕ್ಕಕ್ಕೆ ಕೂರಿಸಿ ನುಡಿಸಿ ನೋಡಿದ ಹೋಲಿಕೆ ಇದು. ತೀರಾ ತೆಳುವಾದ ತಂತಿ 1, ತೀರಾ ದಪ್ಪನೆಯದು 6. ತಂತಿಯ ಹೆಸರಿನ ನಂತರ ಬರುವ 3, 2, 1 ಎಂಬಂಥ ಅಂಕಿಗಳು ಫ್ರೆಟ್‌ಗಳು, ಅಂದರೆ ಕತ್ತಿನ ಮೇಲಿನ ಲೋಹದ ಪಟ್ಟಿಗಳ ಲೆಕ್ಕ. ಖಾಲಿ ಅಥವಾ 0 ಎಂದರೆ ಬೆರಳು ಒತ್ತದ ತಂತಿ.

ಲೆಕ್ಕ ಹೀಗಿದೆ. 11ನೇ ಬಾರ್‌ನ ಮೊದಲ ಬೀಟ್‌ಗೆ ಖಾಲಿ 6ನೇ ತಂತಿ. ಎರಡು, ಮೂರು, ನಾಲ್ಕನೇ ಬೀಟ್‌ಗಳಲ್ಲಿ ಓಟದ ಮೂರು ಹೆಜ್ಜೆ. ನಾಲ್ಕನೇ ಹೆಜ್ಜೆ 12ನೇ ಬಾರ್‌ನ ಮೊದಲ ಬೀಟ್‌ಗೆ, ಅಲ್ಲಿಂದ ಮೂರನೇ ಬೀಟ್‌ಗೆ ಬಿ7, ಅಂದರೆ ಹಾಡನ್ನು ಮತ್ತೆ ಇಗೆ ಎಳೆಯುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಪ್ರತಿ ಬೀಟನ್ನೂ ‘ತಕಿಟ’ ಎಂದು ಮೂರಾಗಿ ಒಡೆದುಕೊಂಡರೆ ಶಫಲ್, ಅಂದರೆ ಬ್ಲೂಸ್‌ನ ತೂಗಾಡುವ ನಡೆ, ತಾನಾಗಿ ಬರುತ್ತದೆ. ಎಡವಟ್ಟಾಗುವುದು ಬಹುಪಾಲು ಇಲ್ಲಿಯೇ: ಓಟವನ್ನು ಎರಡನೇ ಬೀಟ್‌ಗೆ ಬದಲು ಒಂದಕ್ಕೇ ಶುರು ಮಾಡುತ್ತಾರೆ, ಬಿ7 ಒಂದು ಬೀಟ್ ಮುಂಚೆ ಬಂದು ನಿಲ್ಲುತ್ತದೆ, ಮುಂದಿನ ಸುತ್ತು ಯಾರಿಗೂ ಸಿಗುವುದಿಲ್ಲ. ಬೆರಳು ಎಷ್ಟೇ ಚುರುಕಾಗಿದ್ದರೂ ಇದಕ್ಕೆ ಮದ್ದಲ್ಲ, ಬಾಯಲ್ಲಿ ಎಣಿಸಲೇಬೇಕು.

ಮೊದಲನೆಯದು, ಒಂಟಿ ಸ್ವರದ ಇಳಿಕೆ. 1ನೇ ತಂತಿ ಖಾಲಿಯಾಗಿ ಮೊಳಗುತ್ತಿರಬೇಕು. 2ನೇ ತಂತಿಯಲ್ಲಿ 3, 2, 1, ಖಾಲಿ. ಅಂದರೆ ಡಿ, ಸಿ ಶಾರ್ಪ್, ಸಿ, ಬಿ. ಉಂಗುರಬೆರಳು, ನಡುಬೆರಳು, ತೋರುಬೆರಳು ಸಾಲಾಗಿ ಇಳಿಯುತ್ತವೆ. ‘ತ’ಗೆ 2ನೇ ತಂತಿ, ‘ಕಿಟ’ಗೆ 1ನೇ ತಂತಿ. ಕಷ್ಟವೆಂದರೆ ಒಂದೇ: ಬೆರಳು ಚಪ್ಪಟೆಯಾಗಿ ಬಿದ್ದರೆ 1ನೇ ತಂತಿಗೆ ತಾಗಿ ಅದರ ನಾದ ಸಾಯುತ್ತದೆ. ಬೆರಳನ್ನು ಕಮಾನಿನಂತೆ ಬಾಗಿಸಿ ತುದಿಯಿಂದಲೇ ಒತ್ತಿ. ಇದೇ ಓಟವನ್ನು ಎ ಶ್ರುತಿಯಲ್ಲಿ ನುಡಿಸಲು 1ನೇ ತಂತಿಯ 5ನೇ ಫ್ರೆಟ್‌ನಲ್ಲಿ ಕಿರುಬೆರಳನ್ನು ಊರಿ, 4ನೇ ತಂತಿಯಲ್ಲಿ 5, 4, 3, 2 ಎಂದು ಇಳಿಯಬೇಕು. ಬಾಸ್‌ಗೆ ಖಾಲಿ 5ನೇ ತಂತಿ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರಿಸ್ಟ್ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಇಂಥ ಇಳಿಕೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೊನೆಯ ಹೆಜ್ಜೆಯಲ್ಲಿ ಕಿರುಬೆರಳು 5ರಲ್ಲಿ, ತೋರುಬೆರಳು 2ರಲ್ಲಿ ಇರಬೇಕಾಗುವುದರಿಂದ ಕೈ ಚೆನ್ನಾಗಿಯೇ ಚಾಚಬೇಕು. ಹೆಬ್ಬೆರಳನ್ನು ಕತ್ತಿನ ಹಿಂಭಾಗದ ನಡುವಿಗೆ ಇಳಿಸಿದರೆ ಅದು ಸಲೀಸು.

ಎರಡನೆಯದು, ಸಿಕ್ಸ್ತ್ ಜೋಡಿಗಳು, ಅಂದರೆ ಒಂದರಿಂದ ಎಣಿಸಿದರೆ ಇನ್ನೊಂದು ಆರನೆಯದಾಗುವ ಎರಡು ಸ್ವರಗಳು ಒಟ್ಟಿಗೆ. 3ನೇ ಮತ್ತು 1ನೇ ತಂತಿ ಎರಡರಲ್ಲೂ 4, ಆಮೇಲೆ 3, ಆಮೇಲೆ 2. ಕೊನೆಗೆ 3ನೇ ತಂತಿಯ 1ನೇ ಫ್ರೆಟ್ ಜೊತೆಗೆ ಖಾಲಿ 1ನೇ ತಂತಿ. 3ನೇ ತಂತಿಗೆ ನಡುಬೆರಳು, 1ನೇ ತಂತಿಗೆ ಉಂಗುರಬೆರಳು, ಎರಡೂ ತಂತಿ ಬಿಡದೆ ಜಾರಬೇಕು. ನಾಲ್ಕರಲ್ಲಿ ಕೇಳಲು ಅತಿ ಚೆಂದ ಇದೇ, ಆದರೆ ಕಲಿಯುವವರ ಕೈಯಲ್ಲಿ ಅತಿ ಹೆಚ್ಚು ಗಲೀಜಾಗುವುದೂ ಇದೇ. ನಡುವಿನ 2ನೇ ತಂತಿ ಸದ್ದು ಮಾಡಬಾರದು. ನಡುಬೆರಳನ್ನು ತುಸು ಓರೆ ಮಾಡಿ ಅದರ ಒಳಬದಿ 2ನೇ ತಂತಿಗೆ ಸೋಕುವಂತೆ ಇಡಿ. ಪಿಕ್‌ನಿಂದ 3ನೇ ತಂತಿ, ಬಲಗೈಯ ನಡುಬೆರಳಿಂದ 1ನೇ ತಂತಿ ಮೀಟಿದರೆ ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ. ಜೋಡಿ ಅಪಸ್ವರವಾಗಿ ಕೇಳಿದರೆ ಟ್ಯೂನರ್ ಹುಡುಕುವ ಮೊದಲು ಒತ್ತಡ ಕಡಿಮೆ ಮಾಡಿ ನೋಡಿ. 3ನೇ ತಂತಿಯನ್ನು ಬಿಗಿಯಾಗಿ ಅದುಮಿದರೆ ಸ್ವರ ಮೇಲೇರುತ್ತದೆ. ಇದರ ದೊಡ್ಡ ಲಾಭ, ಕತ್ತಿನ ಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದು: ಜಿ ಶ್ರುತಿಗೆ 7, 6, 5, ಕೊನೆಗೆ 3ನೇ ತಂತಿಯಲ್ಲಿ 4, 1ನೇ ತಂತಿಯಲ್ಲಿ 3.

ಮೂರನೆಯದು ಬರೀ ಕಾರ್ಡ್‌ಗಳು: ಇ, ಇ7, ಎ, ಎ ಮೈನರ್, ಇ. ಇ7 ಹಿಡಿಯುವಾಗ 2ನೇ ತಂತಿಯ 3ನೇ ಫ್ರೆಟ್‌ಗೆ ಕಿರುಬೆರಳು ಹಾಕಿ. ಆಗ 2ನೇ ತಂತಿಯನ್ನಷ್ಟೇ ಗಮನಿಸಿ: 3, 2, 1, ಖಾಲಿ. ಒಂಟಿ ಸ್ವರದ ಓಟವೇ ಕಾರ್ಡ್‌ಗಳ ಒಳಗೆ ಅಡಗಿ ಕೂತಿದೆ. ಹಾಡುತ್ತಾ ಒಬ್ಬರೇ ನುಡಿಸುವವರಿಗೆ ಇದು ಸರಿ. ವೇಗ ಹೆಚ್ಚಾದರೆ ಬೀಟ್‌ಗೊಂದು ಕಾರ್ಡ್ ಬದಲಿಸುವುದು ತ್ರಾಸ.

ನಾಲ್ಕನೆಯದು ಬಾಸ್ ಏರಿಕೆ: 6ನೇ ತಂತಿಯ 4, 5ನೇ ತಂತಿ ಖಾಲಿ, 1, 2. ಬೆರಳಿಗೆ ಇದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಬ್ಯಾಂಡ್‌ನಲ್ಲಿ ಬಾಸ್ ಗಿಟಾರ್ ಇದ್ದರೆ ಕೆಳಗಿನ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಂಟಿಯಾಗಿ ನುಡಿಸುವಾಗ ಮಾತ್ರ ಇದನ್ನು ಇಟ್ಟುಕೊಳ್ಳುವುದು ಮೇಲು.

ಬಿ7ಗೆ ಇಳಿಯುವ ಜಾಗ ನಾಲ್ಕಕ್ಕೂ ಒಂದೇ. 12ನೇ ಬಾರ್‌ನ ಎರಡನೇ ಬೀಟ್‌ನ ‘ಟ’ಗೆ ಸಿ7, ಮೂರನೇ ಬೀಟ್‌ಗೆ ಬಿ7. ಸಿ7ಗೆ 5ನೇ ತಂತಿಯಿಂದ ಕೆಳಕ್ಕೆ 3, 2, 3, 1 ಹಿಡಿದು, ಇಡೀ ಕೈಯನ್ನು ಒಂದು ಫ್ರೆಟ್ ಹಿಂದಕ್ಕೆ ಸರಿಸಿ ತೋರುಬೆರಳನ್ನು ಎತ್ತಿಬಿಡಿ: 2, 1, 2, ಖಾಲಿ. 1ನೇ ತಂತಿಯನ್ನು ಮಾತ್ರ ಮುಟ್ಟಬೇಡಿ. ಖಾಲಿ ಇ ಸೇರಿದರೆ ಬಿ7ರ ಬಿಗುವು ಕೆಡುತ್ತದೆ.

ಇಬ್ಬರು ಗಿಟಾರಿಸ್ಟ್‌ಗಳಿದ್ದಾಗ ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬುದನ್ನೂ ನೋಡಬೇಕು. ಒಬ್ಬರು ಕಾರ್ಡ್, ಇನ್ನೊಬ್ಬರು ಸಿಕ್ಸ್ತ್ ನುಡಿಸಿದರೆ ಮೂರನೇ ಬೀಟ್‌ನಲ್ಲಿ ಎ ಮತ್ತು ಎ ಶಾರ್ಪ್ ಕಿತ್ತಾಡುತ್ತವೆ. ಬಾಸ್ ಏರಿಕೆಯ ಜೊತೆ ಕಾರ್ಡ್ ಹಾಕಿದರೆ ಇದೇ ಜಗಳ ನಾಲ್ಕನೇ ಬೀಟ್‌ನಲ್ಲಿ. ಅಲ್ಲಿ ಎ ಮೈನರ್ ಬಿಟ್ಟು ಸಿ7 ಹಾಕಿದರೆ ತಣ್ಣಗಾಗುತ್ತದೆ. ಒಂಟಿ ಸ್ವರದ ಇಳಿಕೆಯೊಂದೇ ಮಿಕ್ಕ ಮೂರರ ಜೊತೆಗೂ ತಕರಾರಿಲ್ಲದೆ ಹೊಂದುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದ್ದು ಅದನ್ನೇ, ಸಿಕ್ಸ್ತ್ ಅನ್ನಲ್ಲ. ಹೆಚ್ಚಿನವರು ಸದ್ದಿಗೆ ಮರುಳಾಗಿ ಸಿಕ್ಸ್ತ್‌ನಿಂದ ಶುರು ಮಾಡಿ, ಮ್ಯೂಟ್ ಮಾಡಲು ಹೆಣಗುತ್ತಲೇ ಉಳಿಯುತ್ತಾರೆ.

ಒಂಟಿ ಸ್ವರದ ಇಳಿಕೆ, ಸಿಕ್ಸ್ತ್ ಇವೆರಡೂ ಕೈಗೆ ಕೂತ ಮೇಲೆ ಬೆಸೆಯಿರಿ. ಸಿಕ್ಸ್ತ್‌ನಲ್ಲಿ ಸುಮ್ಮನಿರಿಸಿದ್ದ 2ನೇ ತಂತಿಗೆ ಇಳಿಕೆಯ ಸ್ವರವನ್ನು ಹಾಕಿದರೆ 3, 2, 1ನೇ ತಂತಿಗಳಲ್ಲಿ 4-3-4, 3-2-3, 2-1-2, ಕೊನೆಗೆ 1-0-0. ಮೊದಲ ಮೂರಕ್ಕೂ ಕೈಯ ಆಕಾರ ಒಂದೇ: ನಡುಬೆರಳು, ತೋರುಬೆರಳು, ಉಂಗುರಬೆರಳು. ಕೊನೆಯ ಹೆಜ್ಜೆಗೆ ಮಾತ್ರ ತೋರುಬೆರಳು 2ನೇ ತಂತಿಯಿಂದ ಎದ್ದು 3ನೇ ತಂತಿಗೆ ಹಾರಬೇಕು. ಅಲ್ಲಿ ತಡವರಿಸಿದರೆ ಇಡೀ ಓಟವನ್ನು ಮತ್ತೆ ಮತ್ತೆ ನುಡಿಸಬೇಡಿ. ಮೆಟ್ರೊನೋಮ್ ಅನ್ನು (ಬೀಟ್ ಎಣಿಸಿಕೊಡುವ ಸಾಧನ) ನಿಮಿಷಕ್ಕೆ 50 ಬೀಟ್‌ಗೆ ಇಟ್ಟು 2-1-2ರಿಂದ 1-0-0ಗೆ ಹೋಗುವ ಆ ಒಂದು ಬದಲಾವಣೆಯನ್ನಷ್ಟೇ ಸಾಧನೆ ಮಾಡಿ.