ಬಳಸಿದ ಗಾಲ್ಫ್ ಚೆಂಡು ಕೊಳ್ಳಬಹುದೇ? ನಾಲ್ಕು ಮಳೆಗಾಲಗಳ ಅನುಭವ

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದದ್ದನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ಅದರ ಮರುವಾರವೇ ಅಟ್ಟದ ಮೇಲಿದ್ದ ತಂದೆಯವರ ಗಾಲ್ಫ್ ಚೀಲವನ್ನು ಕೆಳಗಿಳಿಸಿದೆ. ಅಂದಿನಿಂದ ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟರೆ ಹೆಚ್ಚು ಕಡಿಮೆ ಪ್ರತಿ ಭಾನುವಾರ ಚಿಕ್ಕಮಗಳೂರಿನ ಮೈದಾನದಲ್ಲಿ ಆಡುತ್ತಿದ್ದೇನೆ. ಮೊದಲ ವರ್ಷ ಒಂದು ಸುತ್ತು ಆಡಿ ಮುಗಿಸುವಷ್ಟರಲ್ಲಿ ಮೂರು ನಾಲ್ಕು ಚೆಂಡುಗಳನ್ನು ಕಳೆದುಕೊಳ್ಳುತ್ತಿದ್ದೆ. ಇಲ್ಲಿ ದಾರಿ ತಪ್ಪಿದ ಚೆಂಡು ಗಿಡಗಳ ಬುಡದ ದರಗಿನೊಳಗೆ ಸೇರಿಕೊಂಡರೆ ಕಾಲಿನಿಂದ ಕೆದಕಿದರೂ ಕಾಣಸಿಗುವುದಿಲ್ಲ. ಯುರೆಥೇನ್ ಎಂಬ ಮೃದು ಪ್ಲಾಸ್ಟಿಕ್ ಹೊದಿಕೆಯ ಒಳ್ಳೆಯ ಹೊಸ ಚೆಂಡುಗಳಿಗೆ ನಾನು ಡಜನ್‌ಗೆ ಐದು ಸಾವಿರ ರೂಪಾಯಿಯ ಆಸುಪಾಸು ಕೊಟ್ಟಿದ್ದೆ. ಆ ಲೆಕ್ಕದಲ್ಲಿ ಒಂದೊಂದು ಭಾನುವಾರವೂ ಸಾವಿರಕ್ಕೂ ಹೆಚ್ಚು ರೂಪಾಯಿ ದರಗಿನ ಪಾಲಾಗುತ್ತಿತ್ತು. ಹಳೆಯ ಚೆಂಡುಗಳನ್ನು ಹುಡುಕಿಕೊಂಡು ಹೊರಟದ್ದು ಹೀಗೆ.

ಕೊಳ್ಳುವ ಮೊದಲೇ ತಿಳಿದಿರಬೇಕಾದ ಒಂದು ಮಾತಿದೆ. ಅದು ನನಗೆ ಹಣ ಕೊಟ್ಟ ಮೇಲೆ ತಿಳಿಯಿತು. ‘ಯೂಸ್ಡ್’ ಮತ್ತು ‘ರಿಫರ್ಬಿಷ್ಡ್’ ಎಂಬ ಎರಡು ಹೆಸರುಗಳಲ್ಲಿ ಬರುವ ಚೆಂಡುಗಳು ಒಂದೇ ಬಗೆಯ ಸರಕಲ್ಲ. ಯೂಸ್ಡ್ ಎಂದರೆ ಪೊದೆಯಿಂದಲೋ ಕೆರೆಯಿಂದಲೋ ಹೆಕ್ಕಿ, ತೊಳೆದು, ಮೇಲ್ಮೈಯ ಸ್ಥಿತಿ ನೋಡಿ ದರ್ಜೆಗಳಾಗಿ ವಿಂಗಡಿಸಿದ ಚೆಂಡು. ಅದರ ಹೊದಿಕೆಯೂ ಬಣ್ಣವೂ ಕಾರ್ಖಾನೆಯಿಂದ ಬಂದವೇ ಆಗಿರುತ್ತವೆ. ರಿಫರ್ಬಿಷ್ಡ್ ಚೆಂಡಿನಲ್ಲಾದರೋ ಹಳೆಯ ಬಣ್ಣವನ್ನು ಉಜ್ಜಿ ತೆಗೆದು, ಹೊಸದಾಗಿ ಬಳಿದು, ಮೇಲೆ ಹೆಸರನ್ನು ಮತ್ತೆ ಅಚ್ಚೊತ್ತಿರುತ್ತಾರೆ. ಅದು ಹೊಸದರಂತೆ ಹೊಳೆಯುತ್ತದೆ. ಆ ಹೊಳಪಿಗೆ ಮನಸೋತು ನಾನು ಮೊದಲು ತರಿಸಿದ್ದು ಅದನ್ನೇ, ಎರಡು ಡಜನ್.

ಮೊದಲ ವಾರ ಯಾವ ದೋಷವೂ ಕಾಣಲಿಲ್ಲ. ಎರಡನೆಯ ವಾರ ಬಂಕರ್ ಎಂಬ ಮರಳುಗುಂಡಿಯಿಂದ ವೆಡ್ಜ್ ಎಂಬ ಓರೆ ಮುಖದ ಕೋಲಿನಲ್ಲಿ ಎತ್ತಿ ಹೊಡೆದ ಒಂದು ಚೆಂಡನ್ನು ತೂತಿನ ಸುತ್ತಲಿನ ನುಣುಪು ಹುಲ್ಲಿನ, ಅಂದರೆ ಗ್ರೀನ್ ಮೇಲೆ ಕೈಗೆತ್ತಿಕೊಂಡಾಗ, ಮಳೆಗಾಲದಲ್ಲಿ ಸುಣ್ಣದ ಗೋಡೆ ಹಕ್ಕಳೆ ಏಳುವಂತೆ ಅದರ ಬಣ್ಣ ಎದ್ದಿತ್ತು. ಉಗುರಿನಿಂದ ಮೀಟಿದರೆ ಹೆಬ್ಬೆರಳಿನಗಲದ ಪದರ ಕಳಚಿ ಬಂತು. ಅದರ ಕೆಳಗಿದ್ದ ಹೊದಿಕೆ ಹಳದಿ ತಿರುಗಿತ್ತು, ಅದರಲ್ಲಿ ಒಂದು ಕೊಯ್ದ ಗಾಯವೂ ಇತ್ತು. ಚೆಂಡಿನ ಮೈಮೇಲಿನ ಪುಟ್ಟ ಕುಳಿಗಳಲ್ಲಿ ಬಣ್ಣ ದಪ್ಪಗೆ ನಿಂತು ಅವು ಆಳ ಕಳೆದುಕೊಂಡಿದ್ದವು. ಚೆಂಡು ಗಾಳಿಯಲ್ಲಿ ಮೇಲೇಳುವುದೂ ದೂರ ಹೋಗುವುದೂ ಆ ಕುಳಿಗಳ ಆಕಾರದಿಂದ. ಅವು ಮುಚ್ಚಿದರೆ ಒಳಗಿನ ರಬ್ಬರ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಮನೆಗೆ ಬಂದು ಏಲಕ್ಕಿ ತೂಗುವ ಚಿಕ್ಕ ತಕ್ಕಡಿಯಲ್ಲಿ ಉಳಿದವುಗಳನ್ನು ಒಂದೊಂದಾಗಿ ತೂಗಿದೆ. ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆಯಿರಬಾರದು. ನನ್ನ ಬಳಿಯಿದ್ದವುಗಳಲ್ಲಿ ಮೂರು ಚೆಂಡುಗಳು 46 ಗ್ರಾಂ ದಾಟಿದವು. ಆಮೇಲೆ ಒಂದು ಪಾತ್ರೆ ನೀರಿಗೆ ಕಲ್ಲುಪ್ಪು ಸುರಿದು, ಇನ್ನು ಕರಗದು ಎನ್ನುವವರೆಗೆ ಕದಡಿ, ಚೆಂಡುಗಳನ್ನು ತೇಲಿಬಿಟ್ಟೆ. ತೇಲುವ ಚೆಂಡಿನ ನೆತ್ತಿಗೆ ಪೆನ್ನಿನಿಂದ ಚುಕ್ಕೆಯಿಟ್ಟು, ಬೆರಳಿನಿಂದ ಉರುಳಿಸಿ ಬಿಟ್ಟರೆ, ಸಮತೂಕದ ಚೆಂಡು ಪ್ರತಿ ಸಲ ಬೇರೆ ಬೇರೆ ಕಡೆಗೆ ನಿಲ್ಲುತ್ತದೆ. ಒಂದು ಮಗ್ಗುಲು ಭಾರವಾದ ಚೆಂಡು ಎಷ್ಟು ಸಲ ಉರುಳಿಸಿದರೂ ಆ ಚುಕ್ಕೆಯನ್ನೇ ಮೇಲಕ್ಕೆ ತರುತ್ತದೆ. ಹೀಗೆ ಮಾಡಿದ ಚೆಂಡುಗಳು ಐದು ಸಿಕ್ಕವು. ಪಟ್ ಮಾಡುವಾಗ, ಅಂದರೆ ತೂತಿನತ್ತ ಮೆಲ್ಲಗೆ ಉರುಳಿಸುವಾಗ, ಗೆರೆ ಹಿಡಿದು ಹೊರಟ ಚೆಂಡು ತೂತಿನ ಹತ್ತಿರ ಓರೆಯಾಗುತ್ತಿದ್ದುದಕ್ಕೆ ನನ್ನ ಕೈಯೊಂದೇ ಕಾರಣವಲ್ಲ ಎಂದು ಅಂದು ಅರಿವಾಯಿತು. ಮಾರಿದವರಿಗೆ ಚಿತ್ರ ಸಮೇತ ಬರೆದೆ; ಹಣ ಮರಳಲಿಲ್ಲ.

ಆ ಬಳಿಕ ಬಣ್ಣ ಬಳಿಯದ, ಮೇಲಿನ ದರ್ಜೆಯ ಯೂಸ್ಡ್ ಚೆಂಡುಗಳನ್ನು ಒಂದಕ್ಕೆ ಸುಮಾರು 150 ರೂಪಾಯಿಯಂತೆ ತರಿಸಿದೆ. ಇವು ಬಹುಪಾಲು ಚೆನ್ನಾಗಿದ್ದವು. ಜನವರಿಯ ಒಂದು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಒಂದೇ ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಹೊಸ ಚೆಂಡು ಹತ್ತು, ಇವು ಹತ್ತು, ಉಳಿದಿದ್ದ ರಿಫರ್ಬಿಷ್ಡ್ ಹತ್ತನ್ನು ಹೊಡೆದು ಹೆಜ್ಜೆಯಲ್ಲಿ ಅಳೆದೆ. ಹೊಸದಕ್ಕೂ ಯೂಸ್ಡ್‌ಗೂ ನನ್ನ ಹೊಡೆತದಲ್ಲಿ ವ್ಯತ್ಯಾಸ ಹೇಳಲಾಗಲಿಲ್ಲ. ಬಣ್ಣ ಬಳಿದವು ಎಂಟು ಹತ್ತು ಗಜ ಹಿಂದೆ ಬಿದ್ದವು, ಅದಕ್ಕಿಂತ ಹೆಚ್ಚಾಗಿ ಎಡಬಲಕ್ಕೆ ಚದುರಿದವು. ಆದರೂ ಯೂಸ್ಡ್ ಚೆಂಡುಗಳಲ್ಲೇ ಎರಡು ಮೂರು, ನೋಡಲು ಒಂದು ಗೀರಿಲ್ಲದಿದ್ದರೂ, ಹೊಡೆದಾಗ ಕಲ್ಲಿನಂಥ ಮಂಕು ಸದ್ದು ಮಾಡಿ ಅರ್ಧದಲ್ಲೇ ಇಳಿಯುತ್ತಿದ್ದವು. ಅವು ಕೆರೆಯ ತಳದಲ್ಲಿ ಬಹುಕಾಲ ಕುಳಿತಿದ್ದವು ಎಂದೇ ನನ್ನ ಎಣಿಕೆ. ತಿಂಗಳುಗಟ್ಟಲೆ ನೀರಿನಲ್ಲಿದ್ದರೆ ತೇವ ಹೊದಿಕೆಯನ್ನು ದಾಟಿ ಒಳಗಿನ ರಬ್ಬರ್‌ಗೆ ಇಳಿದು ಪುಟಿತವನ್ನು ಕುಗ್ಗಿಸುತ್ತದೆ. ಅಗ್ಗದ ಚೆಂಡುಗಳ ಅಯೋನೊಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಹೆಚ್ಚು ತಡೆಯುತ್ತದೆ, ದುಬಾರಿ ಚೆಂಡುಗಳ ಮೃದು ಯುರೆಥೇನ್ ಅಷ್ಟು ತಡೆಯುವುದಿಲ್ಲ. ಮೇಲ್ಮೈ ನೋಡಿ ಕೊಟ್ಟ ದರ್ಜೆಯಲ್ಲಿ ಈ ದೋಷ ಕಾಣುವುದೇ ಇಲ್ಲ.

ಆದ್ದರಿಂದ ಈಗ ಎರಡು ವರ್ಷದಿಂದ ನಾನು ಆನ್‌ಲೈನ್‌ನಲ್ಲಿ ತರಿಸುವುದನ್ನು ನಿಲ್ಲಿಸಿ, ಆಟಗಾರರ ಚೀಲ ಹೊರುವ ನಮ್ಮ ಕ್ಯಾಡಿಗಳು ಪೊದೆಯಿಂದ ಹೆಕ್ಕಿದವುಗಳನ್ನೇ ಕೊಳ್ಳುತ್ತಿದ್ದೇನೆ. ‘ಇದು ಹೋದ ವಾರದ್ದು ಸಾರ್, ಬೇಲಿ ಪಕ್ಕ ಸಿಕ್ತು, ಇದು ಕೆರೇದು, ನಿಮಗೆ ಬೇಡ’ ಎಂದು ಅವರಲ್ಲಿ ಹಿರಿಯರೊಬ್ಬರು ತಾವೇ ಬೇರ್ಪಡಿಸಿ ಕೊಡುತ್ತಾರೆ. ಒಂದಕ್ಕೆ 80 ರೂಪಾಯಿ. ಆ ಹಣ ನೇರವಾಗಿ ಬಿಸಿಲಿನಲ್ಲಿ ಹುಡುಕಿದವರ ಕೈ ಸೇರುತ್ತದೆ ಎಂಬುದೂ ನನಗೆ ಮುಖ್ಯ. ಕೆಮ್ಮಣ್ಣಿನ ಕಲೆ ಕೆಲವದರಲ್ಲಿ ಉಳಿದಿರುತ್ತದೆ. ಉಗುರುಬೆಚ್ಚನೆಯ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬ್ಲೀಚ್ ಹಾಕಬೇಡಿ.

ಸ್ಪರ್ಧೆಯಲ್ಲಿ ಆಡುವವರು ಒಂದನ್ನು ಗಮನಿಸಬೇಕು. ರಿಫರ್ಬಿಷ್ಡ್ ಚೆಂಡು ನಿಯಮಕ್ಕೆ ಹೊರತು ಎನ್ನಲು ಬಲವಾದ ಆಧಾರವಿಲ್ಲದಿದ್ದರೆ ಸಾಮಾನ್ಯ ಆಟದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಅನುಮೋದಿತ ಚೆಂಡುಗಳ ಪಟ್ಟಿಯಲ್ಲಿರುವುದನ್ನೇ ಬಳಸಬೇಕೆಂದು ಸಮಿತಿ ಸ್ಥಳೀಯ ನಿಯಮ ಮಾಡಿದ್ದರೆ, ಅದೇ ಮಾದರಿಯ ಹೊಸ ಚೆಂಡು ಪಟ್ಟಿಯಲ್ಲಿದ್ದರೂ ‘ರಿಫರ್ಬಿಷ್ಡ್’ ಮುದ್ರೆಯಿರುವುದನ್ನು ಬಳಸುವಂತಿಲ್ಲ. ಅಂಥ ದಿನಗಳಿಗೆಂದು ಚೀಲದ ಪಕ್ಕದ ಜೇಬಿನಲ್ಲಿ ಮೂರು ಹೊಸ ಚೆಂಡುಗಳನ್ನು ಇಟ್ಟುಕೊಂಡಿರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿದ್ದ ಚೆಂಡು ಬಿದ್ದಲ್ಲೇ ಕೆಸರಿನಲ್ಲಿ ಹೂತುಹೋಗುವಾಗ, ಆ ಹೊಸ ಚೆಂಡುಗಳನ್ನು ಜೇಬಿನಿಂದ ಹೊರತೆಗೆಯುವುದೂ ಇಲ್ಲ. ಆಗ ಕ್ಯಾಡಿಗಳ ಬುಟ್ಟಿಯಿಂದ ಅಯೋನೊಮರ್ ಹೊದಿಕೆಯ ಚೆಂಡುಗಳನ್ನು, ಹಳದಿ ಬಣ್ಣದವು ಸಿಕ್ಕರೆ ಹಳದಿಯವನ್ನೇ, ಆರಿಸಿಕೊಳ್ಳುತ್ತೇನೆ.