ಶಿರಸಿಯ ಉಪ್ಪಿನಕಾಯಿ ಅಂಗಡಿಗೆ ವೂಕಾಮರ್ಸ್ ಎಪಿಐ: ಕೆಲವು ವರ್ಷ ಬಳಸಿದ ಮೇಲೆ

ವರ್ಡ್‌ಪ್ರೆಸ್ ವೆಬ್‌ಸೈಟಿನಲ್ಲಿ ಆನ್‌ಲೈನ್ ಅಂಗಡಿ ನಡೆಸುವ ಪ್ಲಗಿನ್ ವೂಕಾಮರ್ಸ್. ಅದರಲ್ಲಿ ಅಂಗಡಿ ತೆರೆಯುವುದು ಹೇಗೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅದರ ರೆಸ್ಟ್ ಎಪಿಐ ಬಗ್ಗೆ. ಅಂದರೆ ನಾವೇ ಬರೆದ ಪ್ರೋಗ್ರಾಂ ವೆಬ್‌ಸೈಟಿನಿಂದ ಆರ್ಡರ್ ತರುವ, ಅಲ್ಲಿನ ಸ್ಟಾಕ್ ತಿದ್ದುವ ದಾರಿ.

ಶಿರಸಿಯಲ್ಲಿ ನಮ್ಮದೊಂದು ಗೃಹ ಉದ್ಯಮ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಕಾಳುಮೆಣಸು, ಜೋನಿ ಬೆಲ್ಲ. ಕೌಂಟರಿನಲ್ಲೂ ಮಾರುತ್ತೇವೆ, ಬೆಂಗಳೂರು, ಮುಂಬೈಗೆ ಪಾರ್ಸೆಲ್ಲೂ ಹೋಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಪೈಥಾನ್‌ನಲ್ಲಿ ಬರೆದ ಸಣ್ಣ ಪ್ರೋಗ್ರಾಂ ಇದೆ. ವೆಬ್‌ಸೈಟಿನ ಆರ್ಡರ್ ತಂದು, ವಿಳಾಸದ ಚೀಟಿ ಪ್ರಿಂಟ್ ಮಾಡಿ, ಇವತ್ತು ಏನೇನು ಕಟ್ಟಬೇಕು ಅಂತ ಪಟ್ಟಿ ಕೊಡುತ್ತದೆ. ಬೆಳಿಗ್ಗೆ ಅತ್ತಿಗೆ ಅಂಗಡಿಗೆ ಬಂದು ಮೊದಲು ಕೇಳುವುದೇ ಆ ಪಟ್ಟಿಯನ್ನು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರೆಂಟು ಹೋಗುವ, ನೆಟ್ ಕೈಕೊಡುವ ಊರಿಗೆ ಇದು ಬಹಳ ಒಳ್ಳೆಯ ಸಾಧನ. ಆದರೆ ಆರ್ಡರ್ ತಾನಾಗಿ ನಮ್ಮಲ್ಲಿಗೆ ಬರಲಿ ಅಂತ ಕೂರಬಾರದು. ನಮ್ಮ ಪ್ರೋಗ್ರಾಂ ಹೋಗಿ ಕೇಳಬೇಕು.

ತಾನಾಗಿ ಬರುವ ವ್ಯವಸ್ಥೆಯೂ ಇದೆ. ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಹೊಸ ಆರ್ಡರ್ ಬಿದ್ದ ಕೂಡಲೇ ವೂಕಾಮರ್ಸ್ ನಾವು ಕೊಟ್ಟ ವೆಬ್ ವಿಳಾಸಕ್ಕೆ ಮಾಹಿತಿ ಕಳಿಸುತ್ತದೆ. ಕೇಳೋಕೆ ಚೆಂದ. ಆದರೆ ಆ ವಿಳಾಸ ಇಂಟರ್‌ನೆಟ್‌ನಿಂದ ಮುಟ್ಟುವ ಹಾಗಿರಬೇಕು, ಯಾವಾಗಲೂ ಎಚ್ಚರ ಇರಬೇಕು. ಸತತ ಐದು ಸಲಕ್ಕಿಂತ ಜಾಸ್ತಿ ಕಳಿಸಿದ್ದು ತಲುಪದಿದ್ದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನೇ ನಿಲ್ಲಿಸಿಬಿಡುತ್ತದೆ. ಮತ್ತೆ ನಾವೇ ಹೋಗಿ ಚಾಲೂ ಮಾಡಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಪೇಟೆಯಲ್ಲಿ ಸರ್ವರ್ ಇಟ್ಟವರಿಗೆ ವೆಬ್‌ಹುಕ್ ಸರಿ. ಅಂಗಡಿಯ ಮೂಲೆಯ ಕಂಪ್ಯೂಟರಿಗೆ ಅಲ್ಲ.

ಕೇಳುವ ದಾರಿ ಹೀಗಿದೆ. ಆರ್ಡರ್ ಪಟ್ಟಿ ಕೇಳುವಾಗ 'ಮಾಡಿಫೈಡ್ ಆಫ್ಟರ್' ಅಂತ ಒಂದು ಸಮಯ ಕೊಡಬಹುದು. ಆ ಹೊತ್ತಿನ ನಂತರ ಹೊಸದಾಗಿ ಬಂದ, ಬದಲಾದ ಆರ್ಡರ್‌ಗಳು ಮಾತ್ರ ಬರುತ್ತವೆ. ಪ್ರೋಗ್ರಾಂ ಪ್ರತಿ ಸಲ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಆ ಸಮಯ ಬರೆದಿಟ್ಟುಕೊಳ್ಳುತ್ತದೆ. ಅರ್ಧದಲ್ಲಿ ಕರೆಂಟು ಹೋದರೆ ಹಳೆಯ ಸಮಯವೇ ಉಳಿಯುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು. ಕೇಳುವಾಗ ನಾನು ಕೆಲವು ನಿಮಿಷ ಹಿಂದಿನಿಂದಲೇ ಕೇಳುತ್ತೇನೆ. ಆರ್ಡರ್ ನಂಬರ್ ಮೇಲೆ ಉಳಿಸುವುದರಿಂದ ಎರಡು ಸಲ ಬಂದರೂ ಚೀಟಿ ಒಂದೇ. ಸಮಯವನ್ನು ಜಿಎಂಟಿಯಲ್ಲೇ (ಗ್ರೀನಿಚ್ ಸಮಯ) ಕೊಟ್ಟು, ಅದು ಜಿಎಂಟಿ ಅಂತ ತಿಳಿಸುವ ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ನಮಗೂ ಜಿಎಂಟಿಗೂ ಇರುವ ಐದೂವರೆ ಗಂಟೆಯಲ್ಲಿ ಆರ್ಡರ್ ಕಳೆದುಹೋಗಬಹುದು.

ಇನ್ನು ಸ್ಟಾಕ್. ನಮ್ಮಂಥವರಿಗೆ ಇದೇ ನಿಜವಾದ ತಲೆನೋವು. ಅಪ್ಪೆಮಿಡಿ ಬೇಕೆಂದಾಗ ಸಿಗುವುದಿಲ್ಲ. ಬೇಸಿಗೆಯಲ್ಲಿ ಮಿಡಿ ಬಂದಾಗ ಉಪ್ಪಿಗೆ ಹಾಕಿದ್ದೆಷ್ಟೋ ಅಷ್ಟೇ ಆ ವರ್ಷದ್ದು. ಇಲ್ಲದ ಬಾಟಲಿಗೆ ವೆಬ್‌ಸೈಟ್ ದುಡ್ಡು ತೆಗೆದುಕೊಂಡರೆ 'ನಾಳೆ ಮಾಡಿ ಕಳಿಸುತ್ತೇವೆ' ಅನ್ನುವ ಹಾಗಿಲ್ಲ. ಎಪಿಐಯಲ್ಲಿ ಸ್ಟಾಕ್ ತಿದ್ದುವಾಗ ನಾವು ಬರೆದ ಸಂಖ್ಯೆ ಅಲ್ಲಿದ್ದ ಸಂಖ್ಯೆಯ ಜಾಗಕ್ಕೆ ಹೋಗಿ ಕೂರುತ್ತದೆ. ಕೌಂಟರಿನಲ್ಲಿ ಎರಡು ಬಾಟಲಿ ಹೋಯಿತು ಅನ್ನಿ. ಪ್ರೋಗ್ರಾಂ ವೆಬ್‌ಸೈಟಿನಲ್ಲಿ 20 ಅಂತ ಓದಿ, ಎರಡು ಕಳೆದು 18 ಅಂತ ಬರೆಯುತ್ತದೆ. ಅಷ್ಟರೊಳಗೆ ಮುಂಬೈಯಿಂದ ಯಾರೋ ಮೂರು ತೆಗೆದುಕೊಂಡಿದ್ದರೆ ಆ ಲೆಕ್ಕ ಅಳಿಸಿಹೋಯಿತು. ಪ್ರೋಗ್ರಾಂ ಎಷ್ಟು ಚುರುಕಾಗಿದ್ದರೂ ಈ ಸಂದು ಇದ್ದೇ ಇರುತ್ತದೆ.

ಅದಕ್ಕೆ ನಾವು ಆನ್‌ಲೈನ್‌ಗೇ ಬೇರೆ ಕಪಾಟು ಮಾಡಿದೆವು. ಆ ಕಪಾಟಿನ ಲೆಕ್ಕದ ಯಜಮಾನ ವೆಬ್‌ಸೈಟ್. ಕೌಂಟರಿನ ಮಾರಾಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಪಾಟಿಗೆ ಹೊಸ ಬಾಟಲಿ ಇಡುವಾಗ ಮಾತ್ರ ಸಂಖ್ಯೆ ತಿದ್ದುವುದು, ಅದೂ ರಾತ್ರಿ ಅಂಗಡಿಯ ಪುಟ ಮುಚ್ಚಿಟ್ಟು. ಕೋಡ್‌ಗಿಂತ ಈ ಕಪಾಟೇ ಜಾಸ್ತಿ ನೆಮ್ಮದಿ ಕೊಟ್ಟಿದೆ.

ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ ಬಾಟಲಿಗಳನ್ನು ವೇರಿಯೇಷನ್ ಅಂತ ಇಟ್ಟಿದ್ದರೆ ಸ್ಟಾಕ್ ಬರೆಯಬೇಕಾದದ್ದು ವೇರಿಯೇಷನ್‌ಗೆ. ಎಪಿಐಯಲ್ಲಿ ಅದಕ್ಕೆ ಬೇರೆಯೇ ವೆಬ್ ವಿಳಾಸ ಇದೆ. ಪ್ರತಿಯೊಂದಕ್ಕೂ ಒಂದು ಎಸ್‌ಕೆಯು, ಅಂದರೆ ಗುರುತಿನ ಕೋಡ್, ಕೊಡಿ, ಆಮೇಲೆ ಗೊಂದಲ ಇಲ್ಲ.

ಆರ್ಡರಿನ ಸ್ಥಿತಿಯನ್ನು ಸರಿಯಾಗಿ ಓದಬೇಕು. 'ಪ್ರೊಸೆಸಿಂಗ್' ಅಂತ ಇದ್ದರೆ ದುಡ್ಡು ಬಂದಿದೆ ಅಂತ ಎಷ್ಟೋ ಜನ ತಿಳಿಯುತ್ತಾರೆ. ಯುಪಿಐ, ಕಾರ್ಡಿನಲ್ಲಿ ಅದು ಸರಿ. ಕ್ಯಾಶ್ ಆನ್ ಡೆಲಿವರಿಯೂ ನೇರವಾಗಿ ಪ್ರೊಸೆಸಿಂಗ್‌ಗೇ ಹೋಗುತ್ತದೆ! ಆದ್ದರಿಂದ ಪಾವತಿಯ ವಿಧಾನವನ್ನೂ ನೋಡಿ, 'ಸಿಒಡಿ' ಅಂತ ಇದ್ದರೆ ಚೀಟಿಯ ಮೇಲೆ ವಸೂಲಿ ಮಾಡಬೇಕಾದ ಮೊತ್ತ ದಪ್ಪಕ್ಷರದಲ್ಲಿ ಹಾಕಿಸಿ.

ಪಟ್ಟಿ ಕೇಳಿದರೆ ಸುಮ್ನೆ ಬಿಟ್ಟಾಗ ಒಂದು ಪುಟಕ್ಕೆ 10 ಬರುತ್ತವೆ, ಕೇಳಿದರೆ 100ರವರೆಗೆ. ಒಟ್ಟು ಎಷ್ಟು ಪುಟ ಅಂತ ಉತ್ತರದ ಹೆಡರಿನಲ್ಲೇ ಇರುತ್ತದೆ, ಅಲ್ಲಿಯವರೆಗೂ ತಿರುಗಿಸಿ. ಮೊತ್ತ ಅಕ್ಷರ ರೂಪದಲ್ಲಿ ಬರುತ್ತದೆ. ಪೈಥಾನ್‌ನಲ್ಲಿ ಡೆಸಿಮಲ್ ಬಳಸಿ, ಫ್ಲೋಟ್ ಬೇಡ. ಪೈಥಾನ್‌ನ ವೂಕಾಮರ್ಸ್ ಲೈಬ್ರರಿ ಉತ್ತರಕ್ಕೆ ಕಾಯುವುದು 5 ಸೆಕೆಂಡು ಮಾತ್ರ. ನಮ್ಮ ಮಳೆಗಾಲದ ನೆಟ್‌ಗೆ ಅದು ಸಾಲದು, ಟೈಮ್‌ಔಟ್ ಏರಿಸಿ.

ಇಡೀ ಬಳಕೆಯಲ್ಲಿ ಬೇಸರ ಬಂದದ್ದು ಹೋಸ್ಟಿಂಗ್‌ನವರಿಂದ. ಹೆಸರು ಬೇಡ. ಎಪಿಐಗೆ ನಮ್ಮ ಗುರುತು ತೋರಿಸುವ ಕೀ ಸರಿಯಿದ್ದರೂ 'ಕನ್ಸ್ಯೂಮರ್ ಕೀ ಇಲ್ಲ' ಅನ್ನುವ ಉತ್ತರ ಬರುತ್ತಿತ್ತು. ಆ ಕೀ ಹೊತ್ತು ಹೋಗುವ ಆಥರೈಸೇಷನ್ ಹೆಡರನ್ನು ಅವರ ಸರ್ವರ್ ಮುಂದಕ್ಕೆ ಬಿಡುತ್ತಿರಲಿಲ್ಲ. ಕೀಯನ್ನು ವೆಬ್ ವಿಳಾಸದಲ್ಲೇ ಸೇರಿಸಿ ಕಳಿಸಬಹುದು ಅಂತ ವೂಕಾಮರ್ಸ್ ದಾಖಲೆಯಲ್ಲೇ ಇದೆ. ಹಾಗೆ ಮಾಡಿದರೆ ಗುಟ್ಟಿನ ಕೀ ಸರ್ವರಿನ ಲಾಗ್‌ನಲ್ಲಿ ಬಿದ್ದಿರುತ್ತದೆ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಬೆನ್ನುಹತ್ತಿ ಸರಿಮಾಡಿಸಿಕೊಂಡೆ. ಹೋಸ್ಟಿಂಗ್ ಕೊಳ್ಳುವ ಮೊದಲೇ ಇದನ್ನು ಕೇಳಿ.

ಬಾಳಿಕೆಗೆ ಪೂರ್ತಿ ಅಂಕ ಕೊಡುತ್ತೇನೆ. ಈಗಿನ ಮೂರನೇ ಆವೃತ್ತಿಯ ಎಪಿಐ 2018ರಲ್ಲಿ ಬಂದದ್ದು, ವಿಳಾಸ ಇವತ್ತಿಗೂ ಅದೇ. ಅದಕ್ಕೂ ಹಳೆಯ ಲೆಗಸಿ ಎಪಿಐಯನ್ನು 2024ರಲ್ಲಿ ವೂಕಾಮರ್ಸ್‌ನ 9.0 ಆವೃತ್ತಿಯಿಂದ ತೆಗೆದು ಬೇರೆ ಪ್ಲಗಿನ್ ಮಾಡಿದರು, ಮುಂಚೆಯೇ ತಿಳಿಸಿದ್ದರು. 2023ರಿಂದ ಹೊಸ ಅಂಗಡಿಗಳಲ್ಲಿ ಆರ್ಡರ್‌ಗಳು ಡೇಟಾಬೇಸಿನ ಬೇರೆಯೇ ಟೇಬಲ್‌ಗಳಲ್ಲಿ ಕೂರುತ್ತವೆ. ಡೇಟಾಬೇಸಿಗೆ ನೇರವಾಗಿ ಕೈಹಾಕುವ ಪ್ರೋಗ್ರಾಂಗಳನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಎಪಿಐ ಮೂಲಕ ಹೋಗುವವರಿಗೆ ಆ ಚಿಂತೆ ಇಲ್ಲ. ಕಾರವಾರ, ಕುಮಟಾ ಕಡೆ ಗೋಡಂಬಿ, ಒಣಮೀನು ಮಾರುವ ಗೆಳೆಯರು ಕೇಳಿದರೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ.

ಕೀ ಮಾಡುವಾಗ ಒಂದು ಗಮನ ಇರಲಿ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಕೀ ತಯಾರಿಸಿದಾಗ ಸೀಕ್ರೆಟ್ ಒಂದೇ ಸಲ ಕಾಣುತ್ತದೆ, ಆಗಲೇ ಭದ್ರವಾಗಿಡಿ. ಓದುವುದಕ್ಕೆ ಮಾತ್ರ, ಬರೆಯುವುದಕ್ಕೆ ಮಾತ್ರ, ಎರಡಕ್ಕೂ ಅಂತ ಮೂರು ಬಗೆಯ ಅನುಮತಿ ಇವೆ. ಪ್ಯಾಕಿಂಗ್ ಕೋಣೆಯ ಕಂಪ್ಯೂಟರಿಗೆ ಓದುವ ಕೀ ಸಾಕು. ಸ್ಟಾಕ್ ತಿದ್ದುವ ಕೀ ನಮ್ಮಲ್ಲಿ ಒಂದೇ ಕಂಪ್ಯೂಟರಿನಲ್ಲಿದೆ.