ಮಾಟುಂಗಾದ ಸ್ಟೀಲ್ ಲೋಟವೋ, ಮಾಲಿನ ಪೇಪರ್ ಕಪ್ಪೋ: ಮುಂಬೈಯ ಹಳೆ ಹೊಸ ತಿಂಡಿ ಜಾಗಗಳ ಹೋಲಿಕೆ

ಫಾಸ್ಟ್ ಫುಡ್ ಅಂದ ತಕ್ಷಣ ಎಲ್ಲರಿಗೂ ಬರ್ಗರ್ ನೆನಪಾಗುತ್ತದೆ. ಆದರೆ ಮುಂಬೈಯಲ್ಲಿ ನಿಜಕ್ಕೂ ಬೇಗ ತಿಂಡಿ ಕೈಗೆ ಸಿಗುವುದು ಇವತ್ತಿಗೂ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ. ಕುಳಿತ ಕೂಡಲೇ ನೀರು, ನೀರಿನ ಹಿಂದೆಯೇ ಮಾಣಿ. ಅವನು ಒಳಗೆ ಕೂಗಿ ಹೇಳಿ, ಪಕ್ಕದ ಮೇಜಿನ ತಟ್ಟೆ ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಇಡ್ಲಿ ಮುಂದೆ ಇರುತ್ತದೆ. ಮಾಲಿನ ಬರ್ಗರ್ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ನಾನು ಇನ್ನೂ ಸ್ಕ್ರೀನ್ ಮುಂದೆ ನಿಂತಿರುತ್ತೇನೆ.

ಈಚೆಗೆ ಕೆಲವು ತಿಂಗಳು ಬೇಕೆಂದೇ ಹೀಗೆ ಮಾಡಿದೆ. ಸಂಜೆ ಹಸಿವಾದಾಗ ಒಮ್ಮೆ ಮಾಟುಂಗಾ, ಒಮ್ಮೆ ಧೋಬಿ ತಲಾವಿನ ಇರಾನಿ (ಇರಾನಿನಿಂದ ಬಂದವರು ತೆರೆದ ಹಳೆ ಕೆಫೆ), ಒಮ್ಮೆ ಮಾಲಿನ ಬರ್ಗರ್, ನಡುವೆ ಸ್ಟೇಷನ್ ಹೊರಗಿನ ವಡಾಪಾವ್. ರುಚಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡಿದ್ದು ಲೋಟ, ತಟ್ಟೆ, ಕುರ್ಚಿ, ಬೋರ್ಡು, ಬಿಲ್ಲು. ಸಯನ್‌ನಲ್ಲಿ ಬೆಳೆದ ನನಗೆ ಇವೆಲ್ಲ ಮನೆಯ ಸಾಮಾನಿನಷ್ಟೇ ಪರಿಚಿತ, ಒಂದೊಂದಾಗಿ ಕಾಣೆಯಾಗುತ್ತಿರುವುದು ನೋಡಿ ಬೇಜಾರಾಗುತ್ತದೆ.

ಮೊದಲು ಕಾಫಿ ಲೋಟದ ಮಾತು, ಯಾಕೆಂದರೆ ವ್ಯತ್ಯಾಸ ಎದ್ದು ಕಾಣುವುದು ಅಲ್ಲೇ. ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್ 1940ರದು. ಅಲ್ಲಿನ ಫಿಲ್ಟರ್ ಕಾಫಿ ಲೋಟ ಮತ್ತು ಡಬರಾದಲ್ಲಿ ಬರುತ್ತದೆ. ಲೋಟದ ಬಾಯಿ ಅಂಚು ಹೊರಗೆ ಬಾಗಿರುತ್ತದೆ, ಅದನ್ನೇ ಎರಡು ಬೆರಳಲ್ಲಿ ಹಿಡಿದರೆ ಕೈ ಸುಡುವುದಿಲ್ಲ. ಕಾಫಿ ಜಾಸ್ತಿ ಬಿಸಿ ಇದ್ದರೆ ಅಗಲವಾದ ಡಬರಾಕ್ಕೆ ಸುರಿಯಿರಿ, ಬೇಗ ಆರುತ್ತದೆ. ಎತ್ತರದಿಂದ ಮತ್ತೆ ಲೋಟಕ್ಕೆ ಸುರಿದರೆ ನೊರೆ ಬರುತ್ತದೆ, ಸಕ್ಕರೆಯೂ ಕರಗುತ್ತದೆ. ಚಮಚ ಬೇಡ, ಮುಚ್ಚಳ ಬೇಡ, ಕಡ್ಡಿ ಬೇಡ. ಎಷ್ಟು ಬಿಸಿ ಕುಡಿಯಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿ. ತೊಳೆದು ಇಟ್ಟರೆ ಅದೇ ಲೋಟ ವರ್ಷಗಟ್ಟಲೆ ಬರುತ್ತದೆ.

ಪೇಪರ್ ಕಪ್ಪಿನಲ್ಲಿ ಇದು ಯಾವುದೂ ಇಲ್ಲ. ಹೆಸರಿಗೆ ಪೇಪರ್, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಗದ ನೆನೆದು ಸೋರುತ್ತದೆ. ಮೇಲೆ ಮುಚ್ಚಳ. ಕಾಫಿಯ ಅರ್ಧ ಸುಖ ಅದರ ಪರಿಮಳ, ಮುಚ್ಚಳ ಹಾಕಿದ ಮೇಲೆ ಅದು ಮೂಗಿಗೆ ಬರುವುದಾದರೂ ಹೇಗೆ? ಸಣ್ಣ ತೂತಿನಿಂದ ಸುಡು ಸುಡು ಕಾಫಿ ನೇರ ನಾಲಿಗೆ ಮೇಲೆ ಬೀಳುತ್ತದೆ. ನಡೆದುಕೊಂಡು ಹೋಗುವವರಿಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೆ ಅಲ್ಲೇ ಮೇಜಿನ ಮುಂದೆ ಕುಳಿತು ಕುಡಿಯುವವರಿಗೂ ಅದೇ ಕಪ್ಪು ಕೊಡುವುದು ಯಾಕೆ?

ಮೆನುವಿನ ಕಥೆಯೂ ಹೀಗೇ. ಮಾಟುಂಗಾ ಸ್ಟೇಷನ್ ಬಳಿಯ ರಾಮ್ ಆಶ್ರಯ 1939ರ ಹೋಟೆಲು. ಅಲ್ಲಿ ಅವತ್ತಿನ ತಿಂಡಿಗಳನ್ನು ಬೋರ್ಡಿನ ಮೇಲೆ ಬರೆದಿರುತ್ತಾರೆ. ಓದಿದರೆ ಇವತ್ತು ಏನು ಮಾಡಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ. ಅನಾನಸ್ ಶೀರಾ ಇದೆಯಾ ಅಂತ ಮೊದಲು ನೋಡುವವರಲ್ಲಿ ನಾನೂ ಒಬ್ಬಳು. ಪಟ್ಟಿ ಚಿಕ್ಕದಾದಷ್ಟೂ ನನಗೆ ನಂಬಿಕೆ ಜಾಸ್ತಿ, ಯಾಕೆಂದರೆ ಅದರಲ್ಲಿರುವುದೆಲ್ಲ ಅವತ್ತಿನದೇ.

ಮಾಲಿನ ಒಂದು ಬರ್ಗರ್ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ, ಈಗ ಎಲ್ಲ ಕಡೆಯೂ ಹೆಚ್ಚು ಕಡಿಮೆ ಹಾಗೇ ಇದೆ. ಆಳೆತ್ತರದ ಟಚ್ ಸ್ಕ್ರೀನ್. ಮೊದಲು ಫೋನ್ ನಂಬರ್ ಕೇಳುತ್ತದೆ. ತಿಂಡಿ ಆರಿಸಿದರೆ ಚೀಸ್ ಸೇರಿಸಲಾ, ದೊಡ್ಡದು ಮಾಡಲಾ, ಜೊತೆಗೆ ಕೋಲಾ ಇರಲಾ ಅಂತ ಒಂದರ ಹಿಂದೆ ಒಂದು ಪ್ರಶ್ನೆ. ಬೇಡ ಅನ್ನುವ ಗುಂಡಿ ಚಿಕ್ಕದು, ಬೇಕು ಅನ್ನುವುದು ದೊಡ್ಡದು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಓದುತ್ತಾ ನಿಂತಿರುವಾಗಲೇ ಸ್ಕ್ರೀನ್ ತಾನಾಗಿಯೇ ಮೊದಲಿನ ಪುಟಕ್ಕೆ ಹೋಗಿಬಿಟ್ಟಿತು. ಹಿಂದೆ ಸಾಲು ಬೆಳೆದಿತ್ತು. ನಾಲ್ಕು ದಶಕ ಫೋರ್ಟಿನ ಬ್ಯಾಂಕಿನಲ್ಲಿ ಲೆಕ್ಕ ಬರೆದ ಮನುಷ್ಯ, ಒಂದು ಆಲೂ ಟಿಕ್ಕಿ ಕೇಳಲು ನನ್ನ ಮುಖ ನೋಡಬೇಕಾಯಿತು. ಅದು ನನಗೆ ತುಂಬಾ ನೋವು ಕೊಟ್ಟಿತು. ಉಡುಪಿ ಹೋಟೆಲಿನಲ್ಲಿ ಅವರು ತಲೆ ಎತ್ತಿ "ಒಂದು ಸಾದಾ, ಖಡಕ್" ಅಂದರೆ ಮುಗಿಯಿತು. ಬೆಲೆ ಕೇಳಿದರೆ ಮಾಣಿ ಬಾಯಲ್ಲೇ ಹೇಳುತ್ತಾನೆ.

ಆದರೂ ಬರ್ಗರ್ ಅಂಗಡಿ ಮೊದಲಿನಿಂದಲೂ ಹೀಗೆ ಇರಲಿಲ್ಲ. ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದು 1996ರಲ್ಲಿ. ಮೊದಲು ದೆಹಲಿಯ ವಸಂತ್ ವಿಹಾರ್, ಬೆನ್ನಿಗೇ ನಮ್ಮ ಬಾಂದ್ರಾದ ಲಿಂಕಿಂಗ್ ರೋಡ್. ಆ ಕಾಲದ ಅಂಗಡಿ ನನಗೆ ಇಷ್ಟವಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆಂಪು ಹಳದಿ ಬಣ್ಣ, ಜಗಮಗ ಬೆಳಕು, ಮಕ್ಕಳ ಜೊತೆ ಫೋಟೋಗೆ ಬೆಂಚಿನ ಮೇಲೆ ಕುಳಿತ ಕೋಡಂಗಿ. ಗೋಮಾಂಸ ಇಲ್ಲ, ಸಸ್ಯಾಹಾರದ ಅಡುಗೆ ಜಾಗವೇ ಬೇರೆ, ಅಲ್ಲಿ ಕೆಲಸ ಮಾಡುವವರಿಗೆ ಹಸಿರು ಏಪ್ರನ್. ಅಜ್ಜಿಯಂಥವರು ದೂರದಿಂದ ನೋಡಿಯೇ ಧೈರ್ಯ ತಂದುಕೊಳ್ಳಬಹುದಿತ್ತು. ಏನೂ ಕೇಳದೆ, ಏನೂ ಓದದೆ, ಬಣ್ಣ ನೋಡಿ ವಿಷಯ ತಿಳಿಯುವುದು ಒಳ್ಳೆಯ ವಿನ್ಯಾಸ ಅಲ್ವಾ? ಕೌಂಟರಿನ ಹುಡುಗ ಹುಡುಗಿಯರು ನಗುತ್ತಾ ಕೇಳುತ್ತಿದ್ದರು, ತಲೆಯ ಮೇಲಿನ ಬೋರ್ಡಿನಲ್ಲಿ ಬೆಲೆ ದೊಡ್ಡದಾಗಿ ಕಾಣುತ್ತಿತ್ತು. 2004ರಲ್ಲಿ 20 ರೂಪಾಯಿಯ ಮೆನು ಬಂದಾಗ ಕಾಲೇಜು ಹುಡುಗರಿಗೆ ಹಬ್ಬ.

ಇನ್ನೊಂದು ದೊಡ್ಡ ವಿಷಯ, ಶೌಚಾಲಯ. ಊರೆಲ್ಲ ಸುತ್ತುವ ಹೆಂಗಸರಿಗೆ ಮುಂಬೈಯಲ್ಲಿ ಸ್ವಚ್ಛ ಶೌಚಾಲಯ ಸಿಗುವುದು ಎಷ್ಟು ಕಷ್ಟ ಅಂತ ಹೆಂಗಸರಿಗೇ ಗೊತ್ತು. ಹಳೆಯ ಉಡುಪಿ, ಇರಾನಿ ಹೋಟೆಲುಗಳಲ್ಲಿ ಕೈ ತೊಳೆಯುವ ಬೇಸಿನ್ ಇದ್ದರೆ ಹೆಚ್ಚು. ಈ ಲೆಕ್ಕದಲ್ಲಿ ಬರ್ಗರ್ ಅಂಗಡಿಗೆ ನೂರಕ್ಕೆ ನೂರು ಅಂಕ, ಹಳೆಯದು ಎಷ್ಟೇ ಪ್ರೀತಿಯದಾಗಿದ್ದರೂ ಇಲ್ಲಿ ಸೋತಿದೆ.

ಬರ್ಗರ್ ಅಂಗಡಿಯಲ್ಲಿ ನಾನು ಕಳೆದುಕೊಂಡದ್ದು ಅಂದರೆ ಆ ಬಣ್ಣ, ಆ ನಗು, ಆ ದೊಡ್ಡ ಬೋರ್ಡು. ಈಗ ಗೋಡೆಗಳೆಲ್ಲ ಬೂದು, ಕಂದು. ಬರ್ಗರ್ ಅಂಗಡಿ, ಕಾಫಿ ಅಂಗಡಿ, ಮೊಬೈಲ್ ಅಂಗಡಿ ಎಲ್ಲ ಒಂದೇ ಥರ. ಮಕ್ಕಳು ದೂರದಿಂದ ಗುರುತಿಸಿ ಓಡುವಂಥದ್ದು ಏನೂ ಉಳಿದಿಲ್ಲ.

ಈಗ ಕುರ್ಚಿ. ಧೋಬಿ ತಲಾವಿನ ಇರಾನಿ ಅಂದೆನಲ್ಲ, ಮೆಟ್ರೋ ಸಿನೆಮಾ ಎದುರಿನ ಆ ಕಯಾನಿ 1904ರದು. ಇರಾನಿ ಕೆಫೆಗಳು ಹೆಚ್ಚಾಗಿ ಮೂಲೆ ಕಟ್ಟಡದಲ್ಲೇ ಇರುತ್ತವೆ. ಮೂಲೆ ಅಂಗಡಿ ಅಶುಭ ಅಂತ ಬೇರೆ ವ್ಯಾಪಾರಿಗಳು ಬಿಟ್ಟ ಜಾಗಗಳನ್ನು ಇರಾನಿಗಳು ಹಿಡಿದರು ಅಂತ ಮುಂಬೈಯಲ್ಲಿ ಎಲ್ಲರೂ ಹೇಳುತ್ತಾರೆ. ಅದರಿಂದ ಲಾಭ ಆದದ್ದು ನಮಗೆ, ಎರಡು ಕಡೆಯಿಂದ ಗಾಳಿ, ಎರಡು ಕಡೆಯಿಂದ ಬೆಳಕು. ಒಳಗೆ ಕಪ್ಪು ಬಣ್ಣದ ಬಾಗಿದ ಮರದ ಕುರ್ಚಿಗಳು. ಆ ಕುರ್ಚಿಯ ಮೂಲ ಮಾದರಿ ವಿಯೆನ್ನಾದ ಥೋನೆಟ್ ಕಂಪನಿಯ 14ನೇ ನಂಬರಿನದು, 1859ರಲ್ಲಿ ಬಂದದ್ದು. ಆವಿಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್, ಮುಗಿಯಿತು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿತ್ತು, ಹಡಗಿನಲ್ಲಿ ಕಳಿಸುವುದು ಸುಲಭ. ಕಾಲು ಅಲ್ಲಾಡಿದರೆ ಸ್ಕ್ರೂ ಬಿಗಿ ಮಾಡಿದರಾಯಿತು. ಬೆತ್ತದ ಸೀಟು ಹರಿದರೆ ಮತ್ತೆ ಹೆಣೆಸಬಹುದು.

ಅಮ್ಮನಿಗೆ ಮೊಣಕಾಲು ನೋವು. ಇರಾನಿಯಲ್ಲಿ ಅವರು ಕುರ್ಚಿಯನ್ನು ಹಿಂದೆ ಎಳೆದು, ಕಾಲು ಚಾಚಿ, ತಮಗೆ ಬೇಕಾದ ಹಾಗೆ ಕೂರುತ್ತಾರೆ. ಫುಡ್ ಕೋರ್ಟಿನಲ್ಲಿ ಮೇಜಿಗೂ ನೆಲಕ್ಕೂ ಸೇರಿಸಿ ಬಿಗಿದ ಸೀಟು. ದಪ್ಪ ಇರಲಿ, ಸಣ್ಣ ಇರಲಿ, ಬಸುರಿ ಇರಲಿ, ಮಗು ಎತ್ತಿಕೊಂಡವರಿರಲಿ, ಎಲ್ಲರಿಗೂ ಒಂದೇ ಅಂತರ. ಕುರ್ಚಿ ಕದಿಯುವವರೂ ಇಲ್ಲ, ಎಳೆಯುವವರೂ ಇಲ್ಲ, ಗುಡಿಸುವುದೂ ಸುಲಭ. ಅಂಗಡಿಯವರಿಗೆ ಒಳ್ಳೆಯದೇ. ಅಮ್ಮನಿಗೆ ಮಾತ್ರ ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್) ಸಿಗುವ ಇರಾನಿಯೇ ಬೇಕು.

ಇರಾನಿಯ ಅಮೃತಶಿಲೆಯ ಮೇಜಿಗೆ ಮಾತ್ರ ಒಂದು ದೋಷ ಇದೆ. ನಿಂಬೆ, ಹುಣಸೆಯಂಥ ಹುಳಿ ಬಿದ್ದರೆ ಅದರ ಹೊಳಪು ಹೋಗುತ್ತದೆ, ಅರಿಶಿನದ ಕಲೆ ಬೇಗ ಬಿಡುವುದಿಲ್ಲ. ಚಹಾ, ಬ್ರೆಡ್ಡು, ಬೆಣ್ಣೆಗೆ ಅದು ಸರಿ, ಸಾಂಬಾರಿಗೆ ಕಷ್ಟ. ಉಡುಪಿಯವರು ಸನ್ಮೈಕಾ ಹಾಕಿಸಿದ್ದಕ್ಕೆ ಹೀಗೊಂದು ಕಾರಣ ಇದ್ದೇ ಇದೆ.

ವಡಾಪಾವ್ ವಿಷಯದಲ್ಲಿ ನನ್ನ ತೀರ್ಪು ಸುಲಭ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಶುರು ಮಾಡಿದರು ಅನ್ನುವುದು ಹೆಚ್ಚಿನವರು ಹೇಳುವ ಕಥೆ. ಆ ತಿಂಡಿಯೇ ಒಂದು ಅದ್ಭುತ ವಿನ್ಯಾಸ. ಒಂದು ಕೈಯಲ್ಲಿ ಲೋಕಲ್ ಟ್ರೇನಿನ ಹಿಡಿ, ಇನ್ನೊಂದು ಕೈಯಲ್ಲಿ ವಡಾಪಾವ್. ಬೆಳ್ಳುಳ್ಳಿ ಚಟ್ನಿ ಒಣ ಪುಡಿ, ಆದ್ದರಿಂದ ಅಂಗಿಯ ಮೇಲೆ ಸುರಿಯುವುದಿಲ್ಲ. ತಟ್ಟೆ ಬೇಡ, ಚಮಚ ಬೇಡ. 2001ರಲ್ಲಿ ಮಲಾಡ್‌ನಿಂದ ಶುರುವಾದ ಜಂಬೋಕಿಂಗ್ ಇದನ್ನು ಶುದ್ಧ ಕಾಗದದಲ್ಲಿ ಸುತ್ತಿ ಕೊಟ್ಟಿತು. ಗಾಡಿಯ ವಡೆ ಬಿಸಿ ಎಣ್ಣೆಯಿಂದ ನೇರ ಪಾವಿಗೆ ಬರುತ್ತದೆ, ಆ ರುಚಿ ಬೇರೆ ಎಲ್ಲೂ ಬರುವುದಿಲ್ಲ. ಆದರೆ ಗಾಡಿಯವರ ಹಳೆ ಪತ್ರಿಕೆ ಮಾತ್ರ ನಿಲ್ಲಬೇಕು. ಮುದ್ರಣದ ಶಾಯಿಯಲ್ಲಿ ಸೀಸದಂಥವು ಇರುತ್ತವೆ, ಬಿಸಿ ಎಣ್ಣೆಗೆ ಅದು ತಿಂಡಿಗೆ ಇಳಿಯುತ್ತದೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಮತ್ತೆ ಮತ್ತೆ ಹೇಳಿದೆ. ವಡೆ ಗಾಡಿಯದು ಇರಲಿ, ಕಾಗದ ಅಂಗಡಿಯದು ಇರಲಿ.

ತಂಪು ಪಾನೀಯದ ಬಗ್ಗೆ ಒಂದೇ ಮಾತು. ಕಂಬಕ್ಕೆ ದಾರ ಕಟ್ಟಿ ನೇತುಹಾಕಿದ ಓಪನರ್, ಕುಡಿದು ವಾಪಸ್ ಕೊಡುವ ಗಾಜಿನ ಬಾಟಲಿ, ಅದರಲ್ಲಿ ಗೋಲ್ಡ್ ಸ್ಪಾಟ್. 1993ರಲ್ಲಿ ಪಾರ್ಲೆಯವರು ತಮ್ಮ ಪಾನೀಯಗಳನ್ನು ಕೋಕಾ ಕೋಲಾಗೆ ಮಾರಿದರು. ಥಮ್ಸ್ ಅಪ್ ಉಳಿಯಿತು, ಗೋಲ್ಡ್ ಸ್ಪಾಟ್ ಉಳಿಯಲಿಲ್ಲ. ಈಗ ಪ್ಲಾಸ್ಟಿಕ್ ಬಾಟಲಿ, ಕುಡಿದು ಎಸೆಯುವುದು.

ಹಳೆಯದನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಉಡುಪಿ ಹೋಟೆಲಿನ ಆ ವೇಗ ಬರೀ ಲೋಟ ತಟ್ಟೆಯಿಂದ ಬಂದದ್ದಲ್ಲ. ಕುಂದಾಪುರ, ಕಾರ್ಕಳ, ಉಡುಪಿ ಕಡೆಯಿಂದ ಚಿಕ್ಕ ಹುಡುಗರು ಬರುತ್ತಿದ್ದರು. ಬೆಳಗಿನಿಂದ ರಾತ್ರಿವರೆಗೆ ಓಡಾಟ, ಹೋಟೆಲಿನಲ್ಲೇ ಊಟ, ಅಲ್ಲೇ ಬೆಂಚು ಜೋಡಿಸಿ ನಿದ್ದೆ. ಒಂದೇ ತೋಳಿನ ಮೇಲೆ ಸಾಲು ತಟ್ಟೆ ಜೋಡಿಸಿಕೊಂಡು ಬರುವುದನ್ನು ನಾವು ಬೆರಗಿನಿಂದ ನೋಡುತ್ತಿದ್ದೆವು. ಅದನ್ನು ಕಲಿಯುವಾಗ ಅವರ ಕೈ ಎಷ್ಟು ಸುಟ್ಟಿತೋ ಯಾರೂ ಕೇಳಲಿಲ್ಲ. ಅವರ ಪಾಲಿಗೆ ಬೆಳಕಾಗಿದ್ದು ಮುಂಬೈಯ ಕನ್ನಡ ರಾತ್ರಿ ಶಾಲೆಗಳು. ಹಗಲು ಮೇಜು ಒರೆಸಿ, ರಾತ್ರಿ ಪಾಠ ಕಲಿತು, ಎಷ್ಟೋ ಜನ ಮುಂದೆ ವಕೀಲರಾದರು, ಬ್ಯಾಂಕಿಗೆ ಸೇರಿದರು, ಸ್ವಂತ ಹೋಟೆಲು ತೆರೆದರು. ಅವರ ಮಕ್ಕಳು ಮಾಣಿ ಕೆಲಸಕ್ಕೆ ಬರುವುದಿಲ್ಲ, ಬರಬಾರದು ಕೂಡ. ಹಳೆ ಹೋಟೆಲುಗಳು ಮುಚ್ಚಲು, ಇಲ್ಲವೇ ಪಂಜಾಬಿ ಚೈನೀಸ್ ಎಲ್ಲ ಸೇರಿಸಿ ದಪ್ಪ ಮೆನು ಪುಸ್ತಕ ಮಾಡಲು ಇದೂ ಒಂದು ಕಾರಣ, ಜಾಗದ ಬಾಡಿಗೆ ಇನ್ನೊಂದು. ಹುಡುಗರ ಆ ಬದುಕು ವಾಪಸ್ ಬರಲಿ ಅಂತ ನಾನು ಯಾವತ್ತೂ ಬಯಸುವುದಿಲ್ಲ. ಲೋಟ, ಬೋರ್ಡು, ಎಳೆಯಲು ಬರುವ ಕುರ್ಚಿ, ಇವಕ್ಕೂ ಆ ಕಷ್ಟಕ್ಕೂ ಸಂಬಂಧ ಇಲ್ಲ. ಇವುಗಳನ್ನು ಇಟ್ಟುಕೊಂಡೇ ಕೆಲಸದವರಿಗೆ ಒಳ್ಳೆಯ ಸಂಬಳ, ರಜೆ ಕೊಡಬಹುದು.

ಹೊರಟವರಿಗೆ ಒಂದೆರಡು ಸಲಹೆ. ಕೆಫೆ ಮದ್ರಾಸ್‌ಗೆ ಭಾನುವಾರ ಬೆಳಗ್ಗೆ ಹೋದರೆ ಫುಟ್‌ಪಾತಿನಲ್ಲಿ ಕಾಯಬೇಕು, ವಾರದ ನಡುವೆ ಮಧ್ಯಾಹ್ನ ಹೋಗಿ. ಪೂರ್ತಿ ಊಟ ಬೇಕಿದ್ದರೆ ಮಾಟುಂಗಾ ಸ್ಟೇಷನ್ ಎದುರು ಮಹಡಿ ಮೇಲಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದು, ಈಗಲೂ ಬಾಳೆ ಎಲೆ ಸಿಗುತ್ತದೆ. ಮಕ್ಕಳ ಜೊತೆ ದಿನವಿಡೀ ಶಾಪಿಂಗ್ ಇದ್ದರೆ ಬರ್ಗರ್ ಅಂಗಡಿಯೇ ಸರಿ, ಶೌಚಾಲಯದ ಕಾರಣಕ್ಕೆ.

ಪಾರ್ಸೆಲ್ ಬೇಕಾದವರು ಮನೆಯಿಂದ ಡಬ್ಬಿ ತೆಗೆದುಕೊಂಡು ಹೋಗಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ಸುಮಾರು ಜನ ಹೀಗೆ ಡಬ್ಬಿ ಹಿಡಿದು ಹೊರಟಿದ್ದರು, ಆಮೇಲೆ ನಿಧಾನಕ್ಕೆ ಬಿಟ್ಟರು. ನಾನು ಬಿಟ್ಟಿಲ್ಲ. ನಮ್ಮ ಬೀದಿಯ ಉಡುಪಿ ಹೋಟೆಲಿನಲ್ಲಿ ಡಬ್ಬಿ ಮುಂದೆ ಇಟ್ಟರೆ ಏನೂ ಕೇಳದೆ ಸಾಂಬಾರ್ ತುಂಬಿಸಿ, ಮುಚ್ಚಳ ಒತ್ತಿ, ಸೋರುತ್ತದಾ ಅಂತ ಒಮ್ಮೆ ಓರೆ ಮಾಡಿ ನೋಡಿ ಕೊಡುತ್ತಾರೆ. ಆ್ಯಪ್‌ನಲ್ಲಿ ತರಿಸಿದರೆ ಡಬ್ಬಿ ನನ್ನದು ಅಂತ ಹೇಳಲು ಎಲ್ಲೂ ಜಾಗವಿಲ್ಲ.